ಅರ ಹಾಕಿದ ಹಲ್ಲು

ಜಗದೇವಿಯ ಹಲ್ಲು ಸಜ್ಜೆ ರೊಟ್ಟಿ ಕಡಿಯುವಾಗ ಮುರಿಯಿತು ಎಂದು ಹಿರೋಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿ ಗಟ್ಟಿ ಇರುತ್ತದೆ, ನಿಜ. ಆದರೆ ಇಪ್ಪತ್ತು ವರ್ಷದ ಹುಡುಗಿಯ ಮುಂದಿನ ಹಲ್ಲನ್ನು ಓರೆಯಾಗಿ ಅರ್ಧಕ್ಕೆ ಮುರಿಯುವಷ್ಟು ಗಟ್ಟಿ ರೊಟ್ಟಿಯನ್ನು ಆ ಮನೆಯಲ್ಲಿ ಯಾರೂ ಬಡಿದಿರಲಿಲ್ಲ. ಹಲ್ಲು ಮುರಿದದ್ದು ಹಿತ್ತಾಳೆ ತಂಬಿಗೆಯಿಂದ. ಎಸೆದವನು ಅವಳ ಅಪ್ಪ ದೌಲತರಾಯ. ಎಸೆದದ್ದು ಅವಳು ನಕ್ಕಳು ಎಂಬ ಕಾರಣಕ್ಕೆ.

ದೌಲತರಾಯನ ಹೆಸರು ಗಡಿಯ ಹತ್ತು ಹಳ್ಳಿಗಳಲ್ಲಿ ದೊಡ್ಡದು. ಮೂವತ್ತು ಎಕರೆ ಹೊಲ ಇದೆ ಎಂದಲ್ಲ, ಅಷ್ಟು ಹೊಲ ಬೇರೆಯವರಿಗೂ ಇತ್ತು. ಎತ್ತಿನ ಹಲ್ಲು ನೋಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು. ಖಜೂರಿಯಿಂದ ಆಳಂದದವರೆಗೆ ಯಾರು ಎತ್ತು ಕೊಳ್ಳಲು ಹೊರಟರೂ ಮೊದಲು ಅವನ ಕಟ್ಟೆಗೆ ಬಂದು, "ಕಾಕಾ, ಜರಾ ಬಾಯಿ ನೋಡಿ ಹೇಳಬರ್ರಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಎಡಗೈಯಲ್ಲಿ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳಿನಿಂದ ಎತ್ತಿನ ಕೆಳತುಟಿ ಮಡಚಿ, ಒಂದು ಸಲ ಕಣ್ಣು ಹಾಯಿಸಿ ವಯಸ್ಸು ಹೇಳಿಬಿಡುತ್ತಿದ್ದ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದಿದ್ದರೆ ಬಾಯಿಗೂಡಿದೆ, ಇನ್ನು ಎಂಟು ವರ್ಷ ಕಣ್ಣು ಮುಚ್ಚಿ ದುಡಿಸಬಹುದು. ಅವನು ಹೇಳಿದ ಮೇಲೆ ಸಂತೆಯ ದಲ್ಲಾಳಿಗಳೂ ಮಾತಾಡುತ್ತಿರಲಿಲ್ಲ.

ಅಂಥವನು ಎಂಬತ್ತಾರನೇ ಇಸವಿಯ ಚಳಿಗಾಲದಲ್ಲಿ ಗಡಿಯಾಚೆಯ ಸಂತೆಯಿಂದ ತನಗಾಗಿ ಒಂದು ಬಿಳಿ ಎತ್ತು ತಂದ. ಮೂರು ಸಾವಿರ ಕೊಟ್ಟಿದ್ದ. "ಈಗಷ್ಟ ಬಾಯಿಗೂಡ್ಯಾದ" ಎಂದು ಊರಿಗೆಲ್ಲ ತೋರಿಸಿದ್ದ.

ಎಳ್ಳಮಾವಾಸ್ಯೆಯ ದಿನ ಇಡೀ ಊರು ಬಂಡಿ ಕಟ್ಟಿಕೊಂಡು ಹೊಲಕ್ಕೆ ಊಟಕ್ಕೆ ಹೋಗುತ್ತದೆ. ಭಜ್ಜಿ ಪಲ್ಯ, ಕಡಬು, ಸಜ್ಜೆ ರೊಟ್ಟಿಯ ಬುಟ್ಟಿಗಳನ್ನು ಹೇರಿಕೊಂಡು ದೌಲತರಾಯನ ಬಂಡಿ ಎಲ್ಲರಿಗಿಂತ ಮುಂದೆ ಹೊರಟಿತ್ತು. ಹಳ್ಳ ದಾಟಿ ಏರು ಹತ್ತುವಾಗ ಹೊಸ ಎತ್ತು ನಡುದಾರಿಯಲ್ಲಿ ಮಂಡಿಯೂರಿತು. ಹೊಡೆದರೂ ಏಳಲಿಲ್ಲ, ಬಾಲ ತಿರುವಿದರೂ ಏಳಲಿಲ್ಲ. ಹಿಂದೆ ಇಪ್ಪತ್ತು ಬಂಡಿಗಳು ನಿಂತವು. ಯಾರೋ ಒಬ್ಬ, "ಕಾಕಾ, ಎತ್ತಿಗಿ ನೀವಽ ಉಣಸ್ರಿ, ಎದ್ದೀತು" ಎಂದು ಕೂಗಿದ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಕೊನೆಗೆ ನಾಲ್ವರು ಗಂಡಸರು ಎತ್ತನ್ನು ಹೊತ್ತಂತೆ ಎತ್ತಿ ಬದಿಗೆ ಸರಿಸಿದರು.

ಸಂಜೆ ಮನೆಗೆ ಬಂದ ದೌಲತರಾಯ ಮೊದಲು ಮಾಡಿದ ಕೆಲಸ, ಕೊಟ್ಟಿಗೆಯ ಬಾಗಿಲ ಬೆಳಕಿಗೆ ಎತ್ತಿನ ಮುಖ ತಿರುಗಿಸಿ ಬಾಯಿ ಬಿಡಿಸಿದ್ದು. ತುಂಬಾ ಹೊತ್ತು ನೋಡಿದ. ಹಲ್ಲಿನ ತುದಿಗಳ ಮೇಲೆ ಬೆರಳಾಡಿಸಿದ. ಬಡಿಗರು ಗರಗಸ ಮಸೆಯುವ ಅರದಿಂದ ಯಾರೋ ಹಲ್ಲುಗಳನ್ನು ಸಮ ಮಾಡಿದ್ದರು, ಗೀರುಗಳು ಇನ್ನೂ ಬೆರಳಿಗೆ ಸಿಗುತ್ತಿದ್ದವು. ಎತ್ತಿಗೆ ಹದಿಮೂರಕ್ಕೆ ಕಡಿಮೆ ಇರಲಿಲ್ಲ. ಮೇವಿನ ಬುಟ್ಟಿ ಹಿಡಿದು ಹಿಂದೆ ನಿಂತಿದ್ದ ಮಗಳು ಜಗದೇವಿ ಅಪ್ಪನ ಮುಖ ನೋಡಿದಳು, ಆಮೇಲೆ ಎತ್ತಿನ ಬಾಯಿ ನೋಡಿದಳು. ಹತ್ತನೇ ಇಯತ್ತೆ ಪಾಸಾದವಳು, ಅಪ್ಪನ ಕೈಯಲ್ಲಿ ನೂರಾರು ಬಾಯಿ ನೋಡಿ ಬೆಳೆದವಳು. ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಊಟಕ್ಕೆ ಕುಳಿತಾಗ ಮಗ ಅಣವೀರ ಕೇಳಿದ.

"ಎಪ್ಪಾ, ಎತ್ತಿಗಿ ಏನಾಗ್ಯಾದ?"

"ದಿಟ್ಟಿ ತಾಗ್ಯಾದ" ಎಂದ ದೌಲತರಾಯ. "ಊರ ಮಂದಿ ಕಣ್ಣು ಛಲೋ ಇಲ್ಲ."

ಜಗದೇವಿ ನಕ್ಕಳು. ನಗಬೇಕೆಂದು ನಕ್ಕದ್ದಲ್ಲ, ತಡೆದರೂ ಬಂತು. ಮುಂದಿನ ಗಳಿಗೆಯಲ್ಲಿ ತುಂಬಿದ ತಂಬಿಗೆ ಅವಳ ಬಾಯಿಗೆ ಬಡಿದಿತ್ತು. ನೀರು, ರಕ್ತ, ಅರ್ಧ ಹಲ್ಲು ಮೂರೂ ತಾಟಿನಲ್ಲಿದ್ದ ಪಲ್ಯದ ಮೇಲೆ ಬಿದ್ದವು.

ಮೊದಲು ಯಾರೂ ಏಳಲಿಲ್ಲ. ದೌಲತರಾಯನ ತಾಯಿ ಗುರುಬಾಯಿ, ಎಂಬತ್ತರ ಮುದುಕಿ, ಬೋಳು ವಸಡಿನಲ್ಲಿ ಕಡಬು ನುರಿಸುತ್ತಲೇ ಹೇಳಿದಳು, "ಗಂಡಸರ ಮುಂದ ಹಲ್ಲ ಕಿಸಿತಾರೇನ ಬೇ?"

ಅಣವೀರನ ಹೆಂಡತಿ ಶಾರದಾಬಾಯಿ ಎದ್ದು ನಾದಿನಿಯ ಬಾಯಿಗೆ ಅರಿಶಿನ ಒತ್ತಿದಳು. ಜಗದೇವಿಯ ತಾಯಿ ಸುಭದ್ರಾಬಾಯಿ ತಂಬಿಗೆ ಎತ್ತಿಕೊಂಡು ಹೋಗಿ, ತೊಳೆದು, ಮತ್ತೆ ನೀರು ತುಂಬಿ ತಂದಳು. ಆದರೆ ಈ ಸಲ ಗಂಡನ ಬಲಗಡೆ ಇಡಲಿಲ್ಲ. ದೂರ, ಕಂಬದ ಬುಡಕ್ಕೆ ಇಟ್ಟಳು.

ಅಂದಿನಿಂದ ಆ ಮನೆಯಲ್ಲಿ ತಂಬಿಗೆಯ ಜಾಗ ಅದೇ ಆಯಿತು. ದೌಲತರಾಯ "ನೀರು" ಎಂದಾಗಲೆಲ್ಲ ಸುಭದ್ರಾಬಾಯಿ ಎದ್ದು ಹೋಗಿ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದಳು, ತಂಬಿಗೆ ಮಾತ್ರ ಅವನ ಕೈಗೆ ಸಿಗುತ್ತಿರಲಿಲ್ಲ. ಮಗಳಿಗಾಗಿ ಅವಳು ಮಾಡಿದ್ದು ಅಷ್ಟೇ. ಮೂವತ್ತು ವರ್ಷ ಆ ಗಂಡನ ಜೊತೆ ಬಾಳಿದವಳಿಗೆ ಅದೂ ದೊಡ್ಡ ಧೈರ್ಯವೇ.

ಮುರಿದ ಹಲ್ಲಿನ ಒಳಗಿನ ನರ ತೆರೆದುಕೊಂಡಿತ್ತು. ತಣ್ಣೀರು ತಾಗಿದರೆ ಜಗದೇವಿ ಒಲೆಯ ಮುಂದೆಯೇ ಕುಸಿದು ಕೂರುತ್ತಿದ್ದಳು. ಅಜ್ಜಿ ತಾನು ವಸಡಿಗೆ ತಿಕ್ಕುವ ಮಿಶ್ರಿಯನ್ನು, ಹುರಿದ ತಂಬಾಕಿನ ಕಪ್ಪು ಪುಡಿಯನ್ನು, ಚಿಟಿಕೆ ಕೊಟ್ಟಳು. ಇಟ್ಟುಕೊಂಡ ಜಗದೇವಿ ತಲೆ ತಿರುಗಿ ವಾಂತಿ ಮಾಡಿದಳು. ಲವಂಗ ಒತ್ತಿದರು, ಬೇವಿನ ನೀರು ಮುಕ್ಕಳಿಸಿದರು. ರೊಟ್ಟಿ ಬಡಿಯುವುದು ಮಾತ್ರ ತಪ್ಪಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ದಿನಕ್ಕೆ ನಲವತ್ತು ರೊಟ್ಟಿ.

"ಸೊಲ್ಲಾಪುರಕ್ಕ ಹೋಗಿ ಹಲ್ಲಿನ ಡಾಕ್ಟರಗ ತೋರಿಸಿಕೊಂಡು ಬರ್ತೇನಿ" ಎಂದು ಅಪ್ಪನನ್ನು ಬಿಟ್ಟು ಅಣ್ಣನಿಗೆ ಹೇಳಿದಳು.

ಅಣವೀರ ಆಚೆ ಈಚೆ ನೋಡಿದ. "ಎಪ್ಪಗ ಕೇಳ್ತೇನಿ."

ಕೇಳಿದ. ದೌಲತರಾಯ ಹೇಳಿದ, "ಸೊಲ್ಲಾಪುರದ ಬಸ್ಸಿನಾಗ ಅರ್ಧ ಮಂದಿ ನಮ್ಮೂರವರ ಇರ್ತಾರ. ದವಾಖಾನಿಗಿ ಯಾಕ ಹೊಂಟಾಳ ಅಂತ ಕೇಳಿದ್ರ ಏನಂತಿ? ಅಪ್ಪ ಹೊಡದಾನ ಅಂತಿ ಏನಲೇ?"

"ರೊಟ್ಟಿ ಕಡಿಯಾಕ ಹೋಗಿ ಮುರೀತು ಅಂತೇನಿ."

"ಹಂಗಂತ ಹೇಳು. ಆದ್ರ ಬಸ್ ಹತ್ತೂದು ಬ್ಯಾಡ. ಮಂದಿ ಮುಂದ ಬಾಯಿ ತಕ್ಕೊಂಡು ನಿಲ್ಲೂದು ಬ್ಯಾಡ."

ಅವನ ಈ ಹಟಕ್ಕೆ ಕಾರಣವಿತ್ತು. ಶಿವರಾತ್ರಿ ಕಳೆದ ಸೋಮವಾರ ಅಫಜಲಪುರದಿಂದ ಹುಡುಗಿ ನೋಡಲು ಬರುವವರಿದ್ದರು. ಹುಡುಗ ಕಲ್ಯಾಣಪ್ಪ, ಸಾಲಿ ಮಾಸ್ತರ. ಶಾರದಾಬಾಯಿಯ ಸೋದರಮಾವ ಶಾಂತಲಿಂಗಪ್ಪನ ಮಗ. ಸಂಬಂಧ ಕುದುರಿಸಿದವಳು ಅವಳೇ. ಮದುವೆಯಾದ ಮೇಲೆ ಹುಡುಗಿಯನ್ನು ಕಲಬುರ್ಗಿಯಲ್ಲಿ ಮಾಸ್ತರಿಕೆಯ ತರಬೇತಿಗೆ ಕಳಿಸುತ್ತೇನೆ ಎಂದು ಹುಡುಗ ತಾನಾಗಿ ಹೇಳಿ ಕಳಿಸಿದ್ದ. ಆ ಮಾತು ಕೇಳಿದ ದಿನದಿಂದ ಜಗದೇವಿ ಹತ್ತನೇ ಇಯತ್ತೆಯ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿ ಇಟ್ಟುಕೊಂಡಿದ್ದಳು. ಈ ಮನೆಯಿಂದ ಹೊರಗೆ ಹೋಗಲು ಅವಳಿಗಿದ್ದ ಬಾಗಿಲು ಅದೊಂದೇ, ಅದು ತೆರೆಯುವುದು ಮುಚ್ಚುವುದು ಈಗ ಒಂದು ಹಲ್ಲಿನ ಮೇಲೆ ನಿಂತಿತ್ತು.

"ವೈನಿ, ಮಾಮಗ ಖರೆ ಹೇಳಿಬಿಡ್ರಿ" ಎಂದಳು ಒಂದು ದಿನ ಅತ್ತಿಗೆಯ ಜೊತೆ ಜೋಳ ಹಸನು ಮಾಡುವಾಗ. "ಹಲ್ಲ ಮುರದದ ಅಂತ. ನೋಡೂದಿದ್ರ ನೋಡ್ಲಿ, ಬಿಡೂದಿದ್ರ ಬಿಡ್ಲಿ."

ಶಾರದಾಬಾಯಿ ಮೊರ ಕೆಳಗಿಟ್ಟಳು. "ನಿಮ್ಮಣ್ಣ ನನ್ನ ಕೊಲ್ತಾನ, ಜಗದೇವಿ."

"ಅಣ್ಣ ಕೊಲ್ಲೂದಿಲ್ಲ ವೈನಿ. ಅವಗ ಅಷ್ಟು ಧೈರ್ಯ ಇಲ್ಲ."

ಇಬ್ಬರೂ ನಗಬೇಕಾದ ಮಾತು. ಶಾರದಾಬಾಯಿ ನಕ್ಕಳು. ಜಗದೇವಿ ತುಟಿ ಬಿಗಿಹಿಡಿದಳು, ಗಾಳಿ ತಾಗಿದರೂ ನೋಯುತ್ತಿತ್ತು.

ಕಡಿಯಲು ಆಗದೆ ಅವಳು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದಳು. ಶಾರದಾಬಾಯಿ ಕದ್ದು ಗಂಜಿ ಮಾಡಿ ಕೊಟ್ಟಳು. ಎರಡೇ ದಿನಕ್ಕೆ ಅಜ್ಜಿ ಹಿಡಿದಳು.

"ನನಗ ಹಲ್ಲ ಉದುರಿ ಇಪ್ಪತ್ತ ವರ್ಷ ಆತು. ನನಗ ಯಾರ ಗಂಜಿ ಮಾಡ್ಯಾರ ಬೇ? ನಾ ಸತ್ತೇನು?"

"ಆಯಿ, ನಿಮಗ ದಿನಾ ಹಾಲಿನಾಗ ರೊಟ್ಟಿ ಚೂರಿ ಕೊಡ್ತೇನಲ್ರಿ" ಎಂದಳು ಶಾರದಾಬಾಯಿ.

"ಎದುರ ಮಾತಾಡ್ತಿ? ಸುಭದ್ರಾ, ಕೇಳಿದಿ ಸೊಸಿ ಮಾತು?"

ಸುಭದ್ರಾಬಾಯಿ ಕೇಳಿದಳು. ಗಂಜಿಯ ಪಾತ್ರೆ ಎತ್ತಿ ಮುದುಕಿಯ ಮುಂದೆ ಇಟ್ಟಳು. ಗುರುಬಾಯಿ ಅಷ್ಟನ್ನೂ ಕುಡಿದು, ಉಪ್ಪು ಕಡಿಮೆ ಎಂದಳು.

ಅತ್ತ ಎತ್ತು ಕೊಟ್ಟಿಗೆಯಲ್ಲೇ ಇತ್ತು. ಮಾರಲು ಒಯ್ದರೆ ಯಾಕೆ ಮಾರುತ್ತೀ ಎಂದು ಕೇಳುತ್ತಾರೆ. ಮೋಸ ಹೋದೆ ಎನ್ನಲು ದೌಲತರಾಯನ ನಾಲಿಗೆ ಏಳುವುದಿಲ್ಲ. ದುಡಿಯದ ಎತ್ತಿಗೆ ದಿನಾ ಮೇವು ಬೀಳುತ್ತಿತ್ತು. ಮೊದಲೆಲ್ಲ ಹಲ್ಲು ನೋಡಲು ಕರೆಯುತ್ತಿದ್ದವರು ಈಗ ಅವನ ಕಟ್ಟೆಯ ಮುಂದೆ ಸುಮ್ಮನೆ ನಡೆದು ಹೋಗುತ್ತಿದ್ದರು. ಒಬ್ಬ ಮಾತ್ರ ನಿಂತು, "ಕಾಕಾ, ದಿಟ್ಟಿ ಇಳೀತೇನ್ರಿ?" ಎಂದು ಕೇಳಿಯೇ ಹೋದ. ದೌಲತರಾಯ ಅಂದು ಉಣ್ಣಲಿಲ್ಲ. ಎತ್ತಿನ ಮುಂದೆ ಹೋಗಿ ಕುಳಿತು, ಮತ್ತೆ ಮತ್ತೆ ಅದರ ಬಾಯಿ ಬಿಡಿಸಿ ನೋಡಿದ. ತನಗೆ ಮೋಸ ಮಾಡಿದವನು ಯಾರೋ, ಕೆಲಸ ಮಾತ್ರ ಎಷ್ಟು ಚೊಕ್ಕಟವಾಗಿ ಮಾಡಿದ್ದ! ತಾನೇ ನಂಬಿದೆನಲ್ಲ. ಆ ಬಾಯಿಯನ್ನು ನೋಡುತ್ತಾ ಕುಳಿತಾಗಲೇ ಅವನಿಗೆ ಆ ಬುದ್ಧಿ ಹೊಳೆದದ್ದು.

ಮರುದಿನ ಬಡಿಗರ ಮನೆಯಿಂದ ಅರ ತಂದ.

"ಒಂದ್ ಹಲ್ಲ ಗಿಡ್ಡ, ಒಂದ್ ಹಲ್ಲ ಉದ್ದ, ಅದಕ್ಕಽ ಮುರದದ್ದು ಕಾಣ್ತದ" ಎಂದು ಹೆಂಡತಿಗೆ ತಿಳಿಸಿ ಹೇಳಿದ. "ಎರಡೂ ಸಮ ಮಾಡಿಬಿಟ್ರ ಹುಟ್ಟಾ ಸಣ್ಣ ಹಲ್ಲ ಅಂತಾರ. ನಾಕ ಗೀರು, ಮುಗೀತು."

"ಅಕಿ ಹೆಣ್ಣು ಮಗಳ್ರಿ" ಎಂದಳು ಸುಭದ್ರಾಬಾಯಿ. ಅಷ್ಟು ಮಾತಾಡಲು ಅವಳಿಗೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು.

"ನಾ ಸಾವಿರ ಬಾಯಿ ನೋಡೇನಿ. ನನಗ ಹಲ್ಲಿನ ಸುದ್ದಿ ಹೇಳ್ತಿ? ಬಾಗಲಾ ಹಾಕು."

ಅವಳು ಬಾಗಿಲು ಹಾಕಿದಳು.

ಗುರುಬಾಯಿ ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಹಿಡಿದಳು. ಅಣವೀರ ಕೈಗಳನ್ನು ಹಿಡಿದ, ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡ. ದೌಲತರಾಯ ಎಡಗೈ ಹೆಬ್ಬೆರಳಿನಿಂದ ಮಗಳ ತುಟಿ ಮೇಲಕ್ಕೆ ಮಡಚಿ, ಅರ ಇಟ್ಟ. ಜಗದೇವಿ ಮೊದಲು ಚೀರಿದಳು. ಆಮೇಲೆ ಚೀರಲು ಬಾಯಿಯಲ್ಲಿ ಜಾಗ ಇರಲಿಲ್ಲ. ಅಡಿಗೆ ಮನೆಯಲ್ಲಿ ಶಾರದಾಬಾಯಿ ಒಲೆ ಊದುತ್ತಲೇ ಇದ್ದಳು, ಒಲೆ ಆಗಲೇ ಉರಿಯುತ್ತಿತ್ತು. ನಾಲ್ಕು ಗೀರು ಎಂದವನು ಕಾಲು ಗಂಟೆ ತಿಕ್ಕಿದ. ಮುರಿದದ್ದಲ್ಲದೆ ಪಕ್ಕದ ಗಟ್ಟಿ ಹಲ್ಲೂ ಅರ್ಧವಾಯಿತು. ಮುಗಿದ ಮೇಲೆ ಸ್ವಲ್ಪ ದೂರ ಸರಿದು, ತಲೆ ವಾಲಿಸಿ ನೋಡಿ, "ಸಮ ಆತು" ಎಂದ. ಕೆಲಸ ಚೊಕ್ಕಟವಾದ ಸಂತೋಷ ಅವನ ದನಿಯಲ್ಲಿತ್ತು.

ನಾಲ್ಕನೇ ದಿನಕ್ಕೆ ತುಟಿ, ಮೂಗು, ಒಂದು ಕಣ್ಣು ಊದಿಕೊಂಡವು. ಜ್ವರ ಬಂತು. ಎರಡೂ ಹಲ್ಲುಗಳು ಕಪ್ಪಾಗತೊಡಗಿದವು. ಕಪ್ಪು ಹಲ್ಲನ್ನು ಹುಟ್ಟಾ ಸಣ್ಣ ಹಲ್ಲು ಎಂದು ಯಾರಿಗೂ ನಂಬಿಸಲಾಗದು. ಅದು ದೌಲತರಾಯನಿಗೂ ಹೊಳೆಯಿತು. ಸೋಮವಾರಕ್ಕೆ ಒಂಬತ್ತು ದಿನ ಇದ್ದಾಗ, ಮಗಳಿಗೆ ಮುಖದ ತುಂಬ ಸೆರಗು ಹೊದೆಸಿ, ಸ್ವಂತ ಬಂಡಿಯಲ್ಲಿ ಆಳಂದಕ್ಕೆ ಕರೆದುಕೊಂಡು ಹೋದ. ಬಂಡಿಗೆ ಹಳೆಯ ಎತ್ತುಗಳನ್ನೇ ಕಟ್ಟಿದ್ದ.

ಆಳಂದದಲ್ಲಿ ಬೇವಿನ ಮರದ ಕೆಳಗೆ ಗೌಸಮೊಹಿದ್ದೀನ ಎಂಬ ಮುದುಕ ಹಲ್ಲು ಕಟ್ಟುತ್ತಿದ್ದ. ಒಂದು ಕುರ್ಚಿ, ಒಂದು ಕನ್ನಡಿ, ಗಾಜಿನ ಡಬ್ಬಿಯಲ್ಲಿ ಕೃತಕ ಹಲ್ಲುಗಳು. ಅವನು ಜಗದೇವಿಯ ಬಾಯಿಯನ್ನು ಬೆಳಕಿಗೆ ತಿರುಗಿಸಿ ನೋಡಿದ.

"ಇದಕ್ಕ ಅರ ಯಾರ ಹಾಕ್ಯಾರ್ರಿ?"

"ರೊಟ್ಟಿ ಕಡಿಯಾಕ ಹೋಗಿ ಮುರೀತು" ಎಂದ ದೌಲತರಾಯ.

"ರೊಟ್ಟಿಗಿ ಗೀರು ಬೀಳೂದಿಲ್ಲ, ಸಾಹೇಬ್ರ." ಮುದುಕ ಕೈ ತೊಳೆದುಕೊಂಡ. "ಬೇರು ಸತ್ತಾವ, ಒಳಗ ಕೀವು ಅದ. ಕಲಬುರ್ಗಿ ದೊಡ್ಡ ದವಾಖಾನಿಗಿ ಒಯ್ರಿ. ಎರಡೂ ಕಿತ್ತಿ, ಹಸನ ಮಾಡಿ, ಬ್ಯಾರೆ ಕಟ್ತಾರ. ಒಂದ್ ತಿಂಗಳ ಬೇಕು."

"ತಿಂಗಳ ಇಲ್ಲ. ಸೋಮವಾರ ಹುಡುಗಿ ನೋಡಾಕ ಬರ್ತಾರ. ಕಾಣೂವಷ್ಟು ಮಾಡಿಕೊಡು."

"ಹುಡುಗಿಗಿ ಬ್ಯಾನಿ ಭಾಳ ಅದರ್ರಿ."

"ಬ್ಯಾನಿ ಯಾರಿಗಿ ಕಾಣ್ತದ? ಹಲ್ಲ ಕಾಣ್ತದ."

ಗೌಸಮೊಹಿದ್ದೀನ ಹುಡುಗಿಯ ಕಡೆ ನೋಡಿದ. "ನೀ ಏನಂತಿ ಬೇಟಿ?"

ಜಗದೇವಿ ಕನ್ನಡಿಯಲ್ಲಿ ತನ್ನ ಬಾಯಿ ನೋಡಿಕೊಂಡಳು. ತರಬೇತಿ ಎಂದರೆ ಎರಡು ವರ್ಷ. ಕಲಬುರ್ಗಿ ಎಂದರೆ ದೊಡ್ಡ ದವಾಖಾನೆಯೂ ಅಲ್ಲೇ ಇದೆ. ಮದುವೆಯಾಗಿ ಹೋದರೆ ಆಮೇಲೆ ಎಲ್ಲವನ್ನೂ ಸರಿ ಮಾಡಿಸಿಕೊಳ್ಳಬಹುದು. "ಮಾಡ್ರಿ ಚಾಚಾ" ಎಂದಳು.

ಅವನು ಕೀವು ಹಿಂಡಿ ತೆಗೆದು, ಬಾವು ಇಳಿಯಲು ಗುಳಿಗೆ ಕೊಟ್ಟು, ಹಲ್ಲು ಕಟ್ಟುವ ಬಿಳಿ ಮಸಾಲೆಯಲ್ಲಿ ಎರಡು ಹಲ್ಲಿನ ಒಂದು ಟೊಪ್ಪಿಗೆ ಮಾಡಿ, ಸಣ್ಣ ತಂತಿಯಿಂದ ಬಿಗಿದ. ಗಟ್ಟಿ ಪದಾರ್ಥ ಬೇಡ, ಜೋರಾಗಿ ಮಾತು ಬೇಡ, ನಗುವುದಂತೂ ಬೇಡ, ಹತ್ತು ದಿನ ನಿಂತರೆ ಹೆಚ್ಚು ಎಂದ. ಅಪ್ಪ ಕೊಟ್ಟ ಹಣದಲ್ಲಿ ಅರ್ಧ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಹುಡುಗಿಯ ಕೈಯಲ್ಲಿಟ್ಟ. ದಾರಿಯಲ್ಲಿ ದೌಲತರಾಯ ಅದನ್ನು ಇಸಿದುಕೊಂಡ.

ಸೋಮವಾರ ಮನೆ ಸಾರಿಸಿ, ಹೋಳಿಗೆ ಮಾಡಿದರು. ಬಂದವರು ಐದು ಮಂದಿ. ಶಾಂತಲಿಂಗಪ್ಪ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಕಲ್ಯಾಣಪ್ಪ ಬಿಳಿ ಅಂಗಿ, ಕರಿ ಬೂಟು ಹಾಕಿದ್ದ. ಜಗದೇವಿ ತಲೆ ತಗ್ಗಿಸಿ ಚಹಾ ಕೊಟ್ಟಳು. ಹೆಸರು ಕೇಳಿದರೆ ತುಟಿ ಅಲುಗದಂತೆ ಹೇಳಿದಳು. ಎಂಟು ದಿನ ಶಾರದಾಬಾಯಿಯ ಮುಂದೆ ಕುಳಿತು ಅದನ್ನೇ ಅಭ್ಯಾಸ ಮಾಡಿದ್ದಳು.

"ಮುಂದ ಓದೋ ಮನಸದೇನ್ರಿ?" ಎಂದು ಕಲ್ಯಾಣಪ್ಪ ಕೇಳಿದ.

ಹೇಳಲು ಅವಳ ಬಳಿ ಎಷ್ಟೋ ಇತ್ತು. "ಹೂಂ" ಎಂದಳು.

ಅವನು ನಾಚಿಕೆ ಎಂದುಕೊಂಡು ಮುಗುಳ್ನಕ್ಕ. ಹುಡುಗನ ಅತ್ತೆ ಅವಳ ಬಾಯಿಗೆ ಸಕ್ಕರೆ ಹಾಕಿದಳು. ಸಕ್ಕರೆ ಹಲ್ಲಿಗೆ ತಾಗಿ ತಲೆಯವರೆಗೆ ಬೇನೆ ಹೋಯಿತು, ಜಗದೇವಿಯ ಮುಖ ಅಲುಗಲಿಲ್ಲ. ಸಂಬಂಧ ಒಪ್ಪಿಗೆಯಾಯಿತು. ಅಡಿಗೆ ಮನೆಯಲ್ಲಿ ಸುಭದ್ರಾಬಾಯಿ ಸೊಸೆಯ ಕೈ ಹಿಡಿದುಕೊಂಡು ಅತ್ತಳು. ಊಟ ಮುಗಿಯಿತು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಆ ಒಂದು ಗಂಟೆ ಇರದಿದ್ದರೆ ಚೆನ್ನಾಗಿತ್ತು. ಕೈ ತೊಳೆಯಲು ಅಂಗಳಕ್ಕೆ ಬಂದ ಶಾಂತಲಿಂಗಪ್ಪನಿಗೆ ಕೊಟ್ಟಿಗೆ ಕಂಡಿತು.

"ಬೀಗರ, ಹಲ್ಲ ನೋಡೂದ್ರಾಗ ನಿಮ್ಮ ಹೆಸರು ನಮ್ಮ ಕಡಿಗಿನೂ ಕೇಳೇನಿ. ನಿಮ್ಮ ಎತ್ತ ನೋಡೋಣ ಬರ್ರಿ."

ಬೇಡ ಎನ್ನಲು ನೆಪ ಹುಡುಕುವಷ್ಟರಲ್ಲಿ ಅವನು ಬಿಳಿ ಎತ್ತಿನ ಮೂಗುದಾರ ಹಿಡಿದಾಗಿತ್ತು. ಅವನೂ ಒಕ್ಕಲುತನದವನೇ. ತುಟಿ ಮಡಚಿದ, ನೋಡಿದ, ಬೆರಳಾಡಿಸಿದ. ಮನೆಯವರೆಲ್ಲ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದು ನಿಂತರು.

"ಇದಕ್ಕ ಅರ ಹಾಕ್ಯಾರಲ್ರಿ" ಎಂದ ಶಾಂತಲಿಂಗಪ್ಪ. "ವಸಡಿ ನೋಡ್ರಿ, ಬೇರ ಕಾಣಾಕತ್ತಾವ. ಮುದಿ ಎತ್ತು. ನಿಮ್ಮಂಥವ್ರಿಗಿ ಯಾರ್ರಿ ಮೋಸ ಮಾಡ್ದವ್ರು?"

ಅವನ ದನಿಯಲ್ಲಿ ಕುಹಕ ಇರಲಿಲ್ಲ, ಮರುಕವೇ ಇತ್ತು. ಹೌದು, ನನ್ನ ಕಣ್ಣು ಒಂದು ಸಲ ತಪ್ಪಿತು ಎಂದಿದ್ದರೆ ಇಬ್ಬರೂ ದಲ್ಲಾಳಿಗಳನ್ನು ಬೈದುಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸುಭದ್ರಾಬಾಯಿ ಗಂಡನ ಮುಖ ನೋಡುತ್ತಾ ನಿಂತಿದ್ದಳು. ದೌಲತರಾಯನ ಕುತ್ತಿಗೆಯ ನರ ಉಬ್ಬಿತು.

"ನನಗ ಮೋಸ ಮಾಡಾಂವ ಇನ್ನಾ ಹುಟ್ಟಿಲ್ಲ" ಎಂದ. "ಅರ ನಾನಽ ಹಾಕೇನಿ."

"ನೀವಾ?"

"ನಾನಽ. ಮುಂದಿನ ಸಂತ್ಯಾಗ ಮಾರಬೇಕಂತ ಹಾಕೇನಿ. ಹಲ್ಲ ನೋಡಾಕಷ್ಟಽ ಅಲ್ಲ, ಮಾಡಾಕೂ ಬರ್ತದ ನನಗ."

ಶಾಂತಲಿಂಗಪ್ಪ ಎತ್ತಿನ ಜೊಲ್ಲು ಹತ್ತಿದ ಕೈಯನ್ನು ಹುಲ್ಲಿಗೆ ಒರೆಸಿದ. ನಿಧಾನವಾಗಿ ಒರೆಸಿದ. ಆಮೇಲೆ ಹೆಂಗಸರ ನಡುವೆ ಸೆರಗು ಮುಚ್ಚಿಕೊಂಡು ನಿಂತಿದ್ದ ಅಕ್ಕನ ಮಗಳನ್ನು ಕರೆದ.

"ಶಾರದಾ, ಮಾರೂ ಮುಂದ ಅರ ಹಾಕೂ ಮನಿ ಇದು. ಈಗ ನೀ ಖರೆ ಹೇಳು. ಹುಡುಗಿ ಮುಂಜಾನಿಂದ ಯಾಕ ಬಾಯಿ ತಗದಿಲ್ಲ?"

ಶಾರದಾಬಾಯಿ ಗಂಡನ ಕಡೆ ನೋಡಿದಳು. ಅಣವೀರ ನೆಲ ನೋಡುತ್ತಿದ್ದ.

"ನಾಚಿಕಿ ಮಾಮಾ" ಎಂದಳು. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ತಂಗೀ" ಎಂದ ಶಾಂತಲಿಂಗಪ್ಪ ಜಗದೇವಿಗೆ. "ಇಲ್ಲಿ ಬಾ ಯವ್ವಾ. ಒಂದ್ ಸಲ ನಗು."

ಅವಳು ಬಂದು ನಿಂತಳು. ಎದುರಿಗೆ ಎತ್ತು, ಎತ್ತಿನ ಪಕ್ಕದಲ್ಲಿ ಅಪ್ಪ. ಕಳ್ಳನಾದರೂ ಆದೇನು, ಪೆದ್ದ ಮಾತ್ರ ಆಗಲಾರೆ ಎಂದು ಎದೆ ಉಬ್ಬಿಸಿ ನಿಂತಿದ್ದ. ಎಂಟು ದಿನ ತುಟಿ ಅಲುಗದಂತೆ ಮಾತು ಕಲಿತದ್ದು, ಸಕ್ಕರೆಯ ಬೇನೆ ನುಂಗಿದ್ದು, ಎಲ್ಲವನ್ನೂ ಅವನು ಒಂದೇ ಮಾತಿನಲ್ಲಿ ಹೊಲಸಿಗೆ ಹಾಕಿದ್ದ. ಎಳ್ಳಮಾವಾಸ್ಯೆಯ ಸಂಜೆ ಊಟದ ಹೊತ್ತಿಗೆ ಬಂದಿದ್ದ ನಗುವೇ ಮತ್ತೆ ಬಂತು. ಜಗದೇವಿ ಬಾಯಿ ತುಂಬ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ತಂತಿ ಸಡಿಲಿ, ಬಿಳಿ ಟೊಪ್ಪಿಗೆ ಕಳಚಿ ಸಗಣಿಯ ಪಕ್ಕದಲ್ಲಿ ಬಿತ್ತು. ಕೆಂಪು ವಸಡಿನಲ್ಲಿ ಎರಡು ಕಪ್ಪು ಮೊಂಡು ಹಲ್ಲುಗಳು ಸಮವಾಗಿ ಕಂಡವು.

ಹುಡುಗನ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಮುರದದ ಅಂತ ಮೊದಲ ಹೇಳಿದ್ರ ನಾ ಒಪ್ತಿದ್ದೆ" ಎಂದ ಶಾಂತಲಿಂಗಪ್ಪ. "ಹಲ್ಲ ಯಾರಿಗಿ ಮುರಿಯೂದಿಲ್ಲ? ಇಂಥಾ ಮನಿಂದ ಹೆಣ್ಣ ಒಯ್ದ್ರ ನಾಳಿ ಇನ್ನೇನೇನ ಕಳಚಿ ಬೀಳ್ತದೋ."

ಜಗದೇವಿ ಕಲ್ಯಾಣಪ್ಪನ ಕಡೆ ನೋಡಿದಳು. ಒಂದು ಮಾತು ಆಡಿಯಾನು ಎಂದು ನೋಡಿದಳು. ಅವನು ಬಗ್ಗಿ ಬೂಟಿಗೆ ಹತ್ತಿದ್ದ ಹುಲ್ಲಿನ ಕಡ್ಡಿ ತೆಗೆದ.

"ಎಪ್ಪಾ, ಬಸ್ಸಿನ ಹೊತ್ತಾತು" ಎಂದ.

ಅವರು ಹೋದ ಮೇಲೆ ಅಣವೀರನಿಗೆ ಧೈರ್ಯ ಬಂತು. ಹೆಂಡತಿಯ ಕೆನ್ನೆಗೆ ಎರಡು ಬಾರಿಸಿ, ನಿಮ್ಮ ತವರಿನವರ ಮುಖ ಇನ್ನು ಈ ಮನೆಯಲ್ಲಿ ಕಾಣಕೂಡದು ಎಂದ. ಗುರುಬಾಯಿ ಮಿಗಿಸಿದ ಹೋಳಿಗೆಗೆ ಹಾಲು ಕೇಳಿದಳು. ಸುಭದ್ರಾಬಾಯಿ ಅಂಗಳ ಗುಡಿಸಿದಳು, ಟೊಪ್ಪಿಗೆಯನ್ನೂ ಸಗಣಿಯ ಜೊತೆಗೆ ತಿಪ್ಪೆಗೆ ಹಾಕಿದಳು.

ಸಂಜೆ ಎಲ್ಲರೂ ಊಟಕ್ಕೆ ಕುಳಿತರು. ದೌಲತರಾಯ ಹೋಳಿಗೆ ಮುರಿಯುತ್ತಾ ಹೇಳಿದ, "ಎರಡ ಸಲ ನಕ್ಕಾಳ. ಎರಡೂ ಸಲ ನನ್ನ ಇಜ್ಜತ್ತ ತಗದಾಳ."

ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಮಾತು ಮುಂದುವರಿಸಿದ.

"ನೆಲೋಗ್ಯಾಗ ಒಬ್ಬಾಂವ ಅದಾನ. ಹೆಂಡತಿ ಸತ್ತು ವರ್ಷ ಆತು, ನಾಕ ಮಕ್ಕಳು. ಅವಗ ಹಲ್ಲ ಬೇಕಾಗಿಲ್ಲ, ರೊಟ್ಟಿ ಬಡಿಯೋರು ಬೇಕು. ಈ ವಾರ ಹೇಳಿ ಕಳಸ್ತೇನಿ."

"ನಾ ಒಲ್ಲೆ" ಎಂದಳು ಜಗದೇವಿ.

ಮುಂದಿನ ಹಲ್ಲುಗಳು ಮೊಂಡಾದ ಬಾಯಿಂದ ಮಾತು ಗಾಳಿಯ ಜೊತೆ ಬಂದರೂ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಅಣವೀರನ ತುತ್ತು ಕೈಯಲ್ಲೇ ಉಳಿಯಿತು. ಶಾರದಾಬಾಯಿ ಅತ್ತೆಯ ಕಡೆ ನೋಡಿದಳು.

ಸುಭದ್ರಾಬಾಯಿ ಎದ್ದಳು. ಎಂಟು ವಾರದಿಂದ ಕಂಬದ ಬುಡದಲ್ಲಿದ್ದ ತಂಬಿಗೆ ಎತ್ತಿಕೊಂಡಳು. ಒಳಗೆ ಹೋಗಿ ಕಂಠದವರೆಗೆ ನೀರು ತುಂಬಿದಳು. ಮಗಳ ಮುಂದೆಯೇ ಹಾದು ಬಂದು ಅದನ್ನು ಗಂಡನ ಬಲಗೈ ಪಕ್ಕದಲ್ಲಿ ಇಟ್ಟಳು.

"ಕೈಗಿ ಸಿಗೂ ಹಂಗ ಇಟ್ಟೇನ್ರಿ" ಎಂದು ಹೇಳಿ, ತನ್ನ ತಾಟಿನ ಮುಂದೆ ಕುಳಿತು ಊಟ ಮುಂದುವರಿಸಿದಳು.